ಅಂಗಡಿಯ ಲೆಕ್ಕಕ್ಕೊಂದು ದತ್ತಸಂಚಯ

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಮೀನಿನ ಹರಾಜನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ದೋಣಿಯಿಂದ ಬುಟ್ಟಿಗಳು ಇಳಿಯುತ್ತಿರುವಂತೆಯೇ ಕೂಗು ಏರುತ್ತದೆ. ಬೆಲೆ ಒಂದೆಡೆ ನಿಲ್ಲುತ್ತದೆ. ಮರುಕ್ಷಣವೇ ವರ್ತಕನ ಗುಮಾಸ್ತನು ಉದ್ದನೆಯ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಾನೆ. ಯಾವ ದೋಣಿ, ಯಾವ ಮೀನು, ಎಷ್ಟು ತೂಕ, ಏನು ಬೆಲೆ, ಕೊಂಡವರು ಯಾರು, ಹಣ ಸಂದಿತೊ ಬಾಕಿಯೊ ಎಂಬುದೆಲ್ಲವೂ ಆ ಒಂದು ಸಾಲಿನಲ್ಲಿ ಅಡಗಿರುತ್ತದೆ. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರಲು ಹೊರಟ ಹೆಂಗಸು ಸಂಜೆ ತಂದು ಕೊಟ್ಟ ಹಣಕ್ಕೂ ಉಳಿಸಿಕೊಂಡ ಬಾಕಿಗೂ ಆ ಸಾಲೇ ಸಾಕ್ಷಿ. ಆ ಪುಸ್ತಕವೇ ಇಲ್ಲವಾದರೆ, ಕೊಟ್ಟೆನೆಂದು ಅವಳು, ಬರಲಿಲ್ಲವೆಂದು ವರ್ತಕನು. ನಡುವೆ ನ್ಯಾಯ ಹೇಳುವವರು ಯಾರು?

೨೦೧೯ರ ಆಗಸ್ಟ್ ತಿಂಗಳಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು ಉಕ್ಕಿ ಹರಿದು, ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಅನೇಕ ಹಳ್ಳಿಗಳಿಗೆ ನೀರು ನುಗ್ಗಿತು. ಅಂತಹ ನೆರೆಯಲ್ಲಿ ಅಕ್ಕಿ, ಬೇಳೆ ಹೋದರೆ ಮತ್ತೆ ಕೊಳ್ಳಬಹುದು. ನೆನೆದು ಮುದ್ದೆಯಾದ ಖಾತೆ ಪುಸ್ತಕವನ್ನು ಕೊಳ್ಳಲು ಯಾವ ಪೇಟೆಯಲ್ಲಿಯೂ ಸಾಧ್ಯವಿಲ್ಲ. ಈ ಕಾರಣದಿಂದಲೇ ಸಣ್ಣ ವ್ಯಾಪಾರಿಗಳೂ ತಮ್ಮ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಲು ಯೋಚಿಸುತ್ತಿದ್ದಾರೆ, ಮನೆಯಲ್ಲಿ ಕಾಲೇಜು ಓದುವ ಮಗನನ್ನೋ ಮಗಳನ್ನೋ ಕರೆದು, “ಕಡಿಮೆ ಖರ್ಚಿನಲ್ಲಿ ಯಾವುದು ಆದೀತು?” ಎಂದು ಕೇಳುತ್ತಿದ್ದಾರೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ದತ್ತಸಂಚಯ, ಎಂದರೆ ರೂಢಿಯಲ್ಲಿ ಡೇಟಾಬೇಸ್ ಎನಿಸಿಕೊಳ್ಳುವ ವಸ್ತು, ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಅರಿತುಕೊಳ್ಳಬೇಕು.

ಪುಸ್ತಕದ ಗುಣ ಮತ್ತು ದೋಷ

ಲೆಕ್ಕ ಬರೆಯುವುದು ನಮ್ಮ ನಾಡಿಗೆ ಹೊಸದಲ್ಲ. ಹುಣಸೆಬೀಜದ ಅಂಟನ್ನೂ ಮಸಿಯನ್ನೂ ಬಟ್ಟೆಗೆ ಹಚ್ಚಿ ಒಣಗಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಕಡತಗಳು ಶೃಂಗೇರಿಯ ಮಠದಲ್ಲಿ ಇಂದಿಗೂ ಉಳಿದಿವೆ. ಕಾಳುಮೆಣಸಿನ ಆಸೆಗಾಗಿ ಇಂಗ್ಲಿಷರು ಕಾರವಾರದಲ್ಲಿ ೧೬೩೮ರಲ್ಲಿಯೇ ಕೋಠಿ ತೆರೆದಿದ್ದರು. ವ್ಯಾಪಾರವಿದ್ದಲ್ಲಿ ಲೆಕ್ಕದ ಪುಸ್ತಕವೂ ಇರಲೇಬೇಕಷ್ಟೆ. ದೀಪಾವಳಿಯ ಅಂಗಡಿ ಪೂಜೆಯಲ್ಲಿ ಇಂದಿಗೂ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಸಲ್ಲುತ್ತದೆ.

ಪುಸ್ತಕದಲ್ಲಿ ದೊಡ್ಡ ಗುಣಗಳಿವೆ. ಅದಕ್ಕೆ ವಿದ್ಯುತ್ತು ಬೇಡ. ಹೊಡೆದು ಹಾಕಿದ ಅಂಕೆಯೂ ಕಣ್ಣಿಗೆ ಕಾಣುತ್ತದೆ. ಆದರೆ ಮೂರು ದೋಷಗಳೂ ಇವೆ. ಮೊದಲನೆಯದಾಗಿ, ಅದರ ಪ್ರತಿ ಒಂದೇ. ಎರಡನೆಯದಾಗಿ, ಅದು ದಿನಾಂಕದ ಕ್ರಮದಲ್ಲಿದ್ದರೆ ವ್ಯಕ್ತಿಯ ಕ್ರಮದಲ್ಲಿರದು. ಒಬ್ಬರ ಒಂದು ವರ್ಷದ ವ್ಯವಹಾರವನ್ನು ಹುಡುಕಲು ಹಾಳೆಗಳನ್ನೆಲ್ಲ ತಿರುವಬೇಕು. ಮೂರನೆಯದಾಗಿ, ಒಂದೇ ಸಂಗತಿಯನ್ನು ಅನೇಕ ಕಡೆ ಬರೆಯಬೇಕಾಗುತ್ತದೆ. ದೋಣಿಯ ಒಡೆಯನ ಊರು ಹರಾಜಿನ ಪುಸ್ತಕದಲ್ಲಿ ಒಂದು ಬಗೆ, ಮಂಜುಗಡ್ಡೆಯ ಪುಸ್ತಕದಲ್ಲಿ ಮತ್ತೊಂದು ಬಗೆ ಬರೆದಿದ್ದರೆ ಯಾವುದನ್ನು ನಂಬುವುದು?

ಈ ಮೂರನೆಯ ದೋಷಕ್ಕೆ ಮದ್ದು ಹುಡುಕಿದವನು ಎಡ್ಗರ್ ಕಾಡ್. ಇಂಗ್ಲೆಂಡಿನ ಕಡಲತೀರದ ಪೋರ್ಟ್‌ಲೆಂಡಿನಲ್ಲಿ ೧೯೨೩ರಲ್ಲಿ ಹುಟ್ಟಿದ ಈತ ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಡೆಸಿದವನು. ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿತು ಮುಂದೆ ಅಮೆರಿಕದ ಐಬಿಎಂ ಸಂಸ್ಥೆ ಸೇರಿದನು. ೧೯೭೦ರಲ್ಲಿ ಪ್ರಕಟವಾದ ಅವನ ಲೇಖನದ ತಿರುಳು ಇದು: ದತ್ತಾಂಶಗಳನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಇಡಬೇಕು; ಕೋಷ್ಟಕಗಳ ನಡುವಣ ಸಂಬಂಧವನ್ನು ಅವುಗಳಲ್ಲಿರುವ ಬೆಲೆಗಳಿಂದಲೇ ಗುರುತಿಸಬೇಕು. ದೋಣಿಗಳದು ಒಂದು ಕೋಷ್ಟಕ, ಕೊಳ್ಳುವವರದು ಒಂದು, ಹರಾಜಿನದು ಇನ್ನೊಂದು. ಹರಾಜಿನ ಸಾಲಿನಲ್ಲಿ ‘ದೋಣಿ ೧೭, ಗಿರಾಕಿ ೪೨’ ಎಂದಿದ್ದರೆ ಸಾಕು. ೧೭ನೆಯ ದೋಣಿಯ ಒಡೆಯನ ಊರು ದೋಣಿಗಳ ಕೋಷ್ಟಕದಲ್ಲಿ ಒಂದೇ ಕಡೆ ಇರುತ್ತದೆ. ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತೆಯೇ. ಈ ಕೆಲಸಕ್ಕಾಗಿ ಕಾಡ್‌ನಿಗೆ ೧೯೮೧ರ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಕೋಷ್ಟಕಗಳನ್ನು ಪ್ರಶ್ನಿಸಲು ೧೯೭೪ರಲ್ಲಿ ಅದೇ ಸಂಸ್ಥೆಯಲ್ಲಿ ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಅದನ್ನು ಒಮ್ಮೆ ಕಲಿತವನು ಅಗ್ಗದ ದತ್ತಸಂಚಯದಿಂದ ದುಬಾರಿಯದಕ್ಕೆ ಹೋದರೂ, ಚಿಕ್ಕಪುಟ್ಟ ವ್ಯತ್ಯಾಸಗಳ ಹೊರತು, ಭಾಷೆಯನ್ನು ಮತ್ತೆ ಕಲಿಯಬೇಕಾಗಿಲ್ಲ.

“ಎಕ್ಸೆಲ್ ಹಾಳೆಯಲ್ಲಿಯೂ ಕೋಷ್ಟಕ ಬರೆಯಬಹುದಲ್ಲವೆ?” ಎಂದು ಕೆಲವರು ಕೇಳಬಹುದು. ಒಬ್ಬನೇ ಕುಳಿತು ಬರೆಯುವ ಸಣ್ಣ ಲೆಕ್ಕಕ್ಕೆ ಅದು ಸಾಕು. ಆದರೆ ಅಂತಹ ಹಾಳೆ ತಪ್ಪನ್ನು ತಾನಾಗಿ ತಡೆಯುವುದು ಕಡಿಮೆ. ೨೦೨೦ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಗಳಲ್ಲಿ ತುಂಬುತ್ತಿದ್ದರು. ಆ ಮಾದರಿಯಲ್ಲಿ ೬೫,೫೩೬ ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕವು ಬಿಟ್ಟುಹೋದವು, ೧೫,೮೪೧ ಸೋಂಕಿತರ ಹೆಸರು ಸಕಾಲಕ್ಕೆ ಲೆಕ್ಕಕ್ಕೆ ಸೇರಲಿಲ್ಲ. ಅವರೊಡನೆ ಬೆರೆತಿದ್ದವರನ್ನು ಎಚ್ಚರಿಸುವ ಕೆಲಸವೂ ಹಿಂದುಳಿಯಿತು. ಹಾಳೆಯನ್ನು ದತ್ತಸಂಚಯವೆಂದು ಭಾವಿಸಿದುದರ ಫಲವಿದು.

ಕಿರ್ದಿಯ ಗುಟ್ಟು

ಹಣದ ಲೆಕ್ಕದಲ್ಲಿ ಒಂದು ನಿತ್ಯನಿಯಮವುಂಟು: ಒಂದು ಖಾತೆಯಿಂದ ಹೊರಟ ರೂಪಾಯಿ ಮತ್ತೊಂದು ಖಾತೆಯನ್ನು ಸೇರಲೇಬೇಕು. ಭೌತವಿಜ್ಞಾನದ ಶಕ್ತಿ ಸಂರಕ್ಷಣಾ ನಿಯಮವನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ವರ್ತಕನ ಖಾತೆಯಿಂದ ₹೮,೦೦೦ ಕಳೆದು ದೋಣಿಯ ಒಡೆಯನ ಖಾತೆಗೆ ಕೂಡಿಸಬೇಕಾಗಿದೆ ಎನ್ನೋಣ. ಕಳೆದ ಮೇಲೆ, ಕೂಡಿಸುವ ಮುನ್ನ, ಆಷಾಢದ ಗಾಳಿಗೆ ವಿದ್ಯುತ್ತು ಹೋಯಿತು. ಆ ಎಂಟು ಸಾವಿರ ಎಲ್ಲಿಗೆ ಹೋಯಿತು?

ಒಳ್ಳೆಯ ದತ್ತಸಂಚಯ ಇದಕ್ಕೆ ಕಂಡುಕೊಂಡ ಉಪಾಯವನ್ನು ನಮ್ಮ ಹಳೆಯ ಶಾನುಭೋಗರು ಕಂಡಿದ್ದರೆ ನಗುತ್ತಿದ್ದರು, ಏಕೆಂದರೆ ಅದು ಅವರದೇ. ಅವರು ನಡೆದುದನ್ನೆಲ್ಲ ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಅಲ್ಲಿಂದ ಆಯಾ ಖಾತೆಗೆ ಏರಿಸುತ್ತಿದ್ದರು. ಖಾತೆಗೆ ಏರಿಸುವುದು ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಪೂರ್ಣಮಾಡಬಹುದು. ದತ್ತಸಂಚಯವೂ ಮಾಡಲಿರುವ ಬದಲಾವಣೆಗಳನ್ನು ಮೊದಲು ಒಂದು ದಾಖಲೆಯಲ್ಲಿ ಬರೆದು, ಅದು ತಟ್ಟೆಗೆ ತಲಪಿತೆಂದು ಖಚಿತವಾದ ಬಳಿಕವೇ ‘ಮುಗಿಯಿತು’ ಎನ್ನುತ್ತದೆ. ವಿದ್ಯುತ್ತು ಮರಳಿದಾಗ ಆ ದಾಖಲೆಯನ್ನು ಓದಿ, ಮುಗಿದ ವ್ಯವಹಾರವನ್ನು ಪೂರ್ಣಗೊಳಿಸುತ್ತದೆ, ಮುಗಿಯದುದನ್ನು ಅಳಿಸುತ್ತದೆ. ಅರ್ಧ ವ್ಯವಹಾರ ಎಂಬುದೇ ಅಲ್ಲಿಲ್ಲ. ಈ ತತ್ತ್ವಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ಜಿಮ್ ಗ್ರೇ ಮುಖ್ಯನು. ೧೯೯೮ರ ಟ್ಯೂರಿಂಗ್ ಪ್ರಶಸ್ತಿ ಅವನಿಗೆ ಸಂದಿತು. ಯಾವ ವ್ಯವಹಾರವೂ ನಡುದಾರಿಯಲ್ಲಿ ಕಳೆದುಹೋಗಬಾರದೆಂದು ದುಡಿದ ಆತ ೨೦೦೭ರ ಜನವರಿ ೨೮ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ತನ್ನ ಹಾಯಿದೋಣಿಯಲ್ಲಿ ಒಬ್ಬನೇ ಹೊರಟು ಮರಳಿ ಬರಲೇ ಇಲ್ಲ.

ಎರಡನೆಯ ದೋಷವಾದ ಹುಡುಕಾಟಕ್ಕೆ ಮದ್ದು, ಪಠ್ಯಪುಸ್ತಕದ ಕೊನೆಯಲ್ಲಿರುವಂತಹ ಸೂಚಿ. ಕ್ರಮದಲ್ಲಿರುವ ಹತ್ತು ಲಕ್ಷ ಸಾಲುಗಳಲ್ಲಿ ಒಂದನ್ನು ಹುಡುಕಲು, ನಡುವೆ ತೆರೆದು ‘ಹಿಂದೆಯೊ ಮುಂದೆಯೊ’ ಎಂದು ಅರ್ಧಭಾಗವನ್ನು ತಳ್ಳುತ್ತ ಹೋದರೆ, ಹೆಚ್ಚೆಂದರೆ ೨೦ ಸಲ ತೆರೆದರೆ ಸಾಕು. ೨ನ್ನು ೨೦ ಬಾರಿ ಗುಣಿಸಿದರೆ ೧೦,೪೮,೫೭೬ ಬರುತ್ತದಷ್ಟೆ. ದತ್ತಸಂಚಯಗಳು ಇನ್ನೂ ಜಾಣತನದಿಂದ ಪ್ರತಿ ಹೆಜ್ಜೆಯಲ್ಲಿಯೂ ನೂರು ಕವಲುಗಳಾಗಿ ಒಡೆಯುವ ಮರದಂತಹ ಸೂಚಿಯನ್ನು ಇಡುತ್ತವೆ. ನೂರರ ಘನ ಹತ್ತು ಲಕ್ಷ. ಆದುದರಿಂದ ಮೂರೇ ಹೆಜ್ಜೆಯಲ್ಲಿ ಬೇಕಾದ ಸಾಲು ಸಿಕ್ಕುತ್ತದೆ.

ಎಷ್ಟು ದೊಡ್ಡದು ಬೇಕು?

ಇನ್ನು ಆಯ್ಕೆಗೆ ಬರೋಣ. ಕೊಳ್ಳುವ ಮೊದಲು ಅಳೆಯಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಬೈತಖೋಲದ ಒಬ್ಬ ಮೀನು ವರ್ತಕನನ್ನು ಕಲ್ಪಿಸಿಕೊಳ್ಳೋಣ. ಆತ ದಿನಕ್ಕೆ ೩೦೦ ಸಾಲು ಬರೆಯುತ್ತಾನೆ. ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ವರ್ಷಕ್ಕೆ ಸುಮಾರು ೩೦೦ ದಿನಗಳ ಕೆಲಸ. ಅಲ್ಲಿಗೆ ವರ್ಷಕ್ಕೆ ೯೦,೦೦೦ ಸಾಲುಗಳಾದವು. ಸಾಲೊಂದಕ್ಕೆ ೨೦೦ ಬೈಟ್ ಎಂದರೆ ಒಟ್ಟು ೧.೮ ಕೋಟಿ ಬೈಟ್. ಸೂಚಿ, ದಾಖಲೆಗಳಿಗೆಂದು ಇಮ್ಮಡಿ ಮಾಡಿದರೂ ೩.೬ ಕೋಟಿ, ಅಂದರೆ ೩೬ ಮೆಗಾಬೈಟ್. ಹತ್ತು ವರ್ಷದ ಲೆಕ್ಕ ಕೂಡಿದರೂ ನಮ್ಮ ಜೇಬಿನ ಫೋನಿನಲ್ಲಿ ಒಂದು ಮೂಲೆಯಲ್ಲಿ ಕುಳಿತೀತು.

ವೇಗವನ್ನೂ ಅಳೆಯೋಣ. ೩೦೦ ಸಾಲುಗಳೂ ಬೆಳಗಿನ ಮೂರು ಗಂಟೆಗಳಲ್ಲಿಯೇ ಬರುತ್ತವೆಂದುಕೊಂಡರೆ ೩೬ ಸೆಕೆಂಡಿಗೆ ಒಂದು ಸಾಲು. ಒಂದು ಸಾಲು ಬರೆಯಲು ಸಾಮಾನ್ಯ ಗಣಕಯಂತ್ರಕ್ಕೆ ಸೆಕೆಂಡಿನ ನೂರರಲ್ಲಿ ಕೆಲವು ಭಾಗ ಸಾಕು. ಈ ಎರಡು ಅಂಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಲಕ್ಷಾಂತರ ರೂಪಾಯಿಯ ದತ್ತಸಂಚಯವನ್ನು ಹೊಗಳುವವರ ಮಾತಿಗೆ ಮರುಳಾಗುವ ಅಪಾಯ ಕಡಿಮೆ.

ಬೆಲೆಯಿಲ್ಲದ ಮೂರು

ಇಷ್ಟು ಕೆಲಸಕ್ಕೆ ತಕ್ಕ ದತ್ತಸಂಚಯಗಳು ಪುಕ್ಕಟೆಯಾಗಿಯೇ ದೊರೆಯುತ್ತವೆ. ಅವುಗಳಲ್ಲಿ ಮೂರನ್ನು ಇಲ್ಲಿ ಹೇಳಬೇಕು.

ಮೊದಲನೆಯದು ಎಸ್‌ಕ್ಯೂಲೈಟ್. ನೌಕಾನೆಲೆಯಿರುವ ಕಾರವಾರದ ಓದುಗರಿಗೆ ಇದರ ಹುಟ್ಟು ವಿಶೇಷವಾಗಿ ರುಚಿಸೀತು. ರಿಚರ್ಡ್ ಹಿಪ್ ಎಂಬ ಅಮೆರಿಕದ ಇಂಜಿನಿಯರನು ಯುದ್ಧನೌಕೆಯೊಂದರ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದನು. ಆ ತಂತ್ರಾಂಶ ಬೇರೊಂದು ದತ್ತಸಂಚಯದ ಸೇವಕಯಂತ್ರವನ್ನು ಅವಲಂಬಿಸಿತ್ತು. ಸೇವಕಯಂತ್ರ ನಿಂತರೆ ಎಲ್ಲವೂ ನಿಲ್ಲುತ್ತಿತ್ತು. ಸೇವಕಯಂತ್ರವೇ ಬೇಡವಾದ, ಒಂದೇ ಕಡತದಲ್ಲಿ ಅಡಗುವ ದತ್ತಸಂಚಯವೇಕಿರಬಾರದೆಂದು ಯೋಚಿಸಿ ಅವನು ೨೦೦೦ದ ಆಗಸ್ಟಿನಲ್ಲಿ ಇದನ್ನು ಹೊರತಂದನು. ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟನು. ಇಂದು ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲಿಯೂ ಅದಿದೆ. ಒಂದೇ ಯಂತ್ರದಲ್ಲಿ ಲೆಕ್ಕ ಬರೆಯುವ ಅಂಗಡಿಗೆ ಇದು ಸಾಕು. ಒಮ್ಮೆಗೆ ಒಬ್ಬರು ಮಾತ್ರ ಬರೆಯಬಲ್ಲರೆಂಬ ಮಿತಿ ಇದಕ್ಕಿದೆ. ೩೬ ಸೆಕೆಂಡಿಗೊಮ್ಮೆ ಬರೆಯುವವನಿಗೆ ಅದೇನೂ ತೊಡಕಲ್ಲ. ಆದರೆ ಇದರ ಕಡತವನ್ನು ಜಾಲದ ಮೂಲಕ ಹಲವು ಯಂತ್ರಗಳು ಹಂಚಿಕೊಂಡು ಬರೆಯುವಂತೆ ಇಡಬಾರದು; ಕಡತ ಕೆಡುವ ಸಂಭವವುಂಟು.

ಎರಡನೆಯದು ಮೈಎಸ್‌ಕ್ಯೂಎಲ್ ಮತ್ತು ಅದರಿಂದ ಕವಲೊಡೆದ ಮರಿಯಾಡಿಬಿ. ೧೯೯೫ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಇದಕ್ಕೆ ಅದರ ಕರ್ತೃಗಳಲ್ಲೊಬ್ಬನಾದ ಮೈಕೆಲ್ ವಿಡೇನಿಯಸ್ ತನ್ನ ಹಿರಿಯ ಮಗಳ ಹೆಸರಿಟ್ಟನು. ಅದನ್ನು ಸನ್ ಸಂಸ್ಥೆಯೂ, ಆ ಸಂಸ್ಥೆಯನ್ನು ೨೦೧೦ರಲ್ಲಿ ಆರಕಲ್ ಸಂಸ್ಥೆಯೂ ಕೊಂಡವು. ಒಡೆತನದ ಈ ಬದಲಾವಣೆಯಿಂದ ಕಳವಳಗೊಂಡು ೨೦೦೯ರಲ್ಲಿಯೇ ಆತ ಆರಂಭಿಸಿದ ಕವಲಿಗೆ ಕಿರಿಯ ಮಗಳು ಮರಿಯಾಳ ಹೆಸರು ಬಂದಿತು. ಮೂಲ ಬರಹ ಎಲ್ಲರಿಗೂ ತೆರೆದಿದ್ದುದರಿಂದಲೇ ಹೀಗೆ ಕವಲೊಡೆಯಲು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಒಡೆಯರು ಬದಲಾದರೂ ಬಳಸುವವರು ಬೀದಿಗೆ ಬೀಳಲಿಲ್ಲ.

ಮೂರನೆಯದು ಪೋಸ್ಟ್‌ಗ್ರೆಸ್‌ಕ್ಯೂಎಲ್. ಮೈಕೆಲ್ ಸ್ಟೋನ್‌ಬ್ರೇಕರ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕಲಿಯಲ್ಲಿ ೧೯೮೬ರಲ್ಲಿ ಆರಂಭಿಸಿದ ಸಂಶೋಧನೆಯ ಫಲವಿದು. ೧೯೯೬ರಲ್ಲಿ ಈಗಿನ ಹೆಸರು ಬಂದಿತು. ಯಾವ ಒಂದು ಸಂಸ್ಥೆಯೂ ಇದರ ಒಡೆಯನಲ್ಲ. ಅನೇಕರು ಏಕಕಾಲದಲ್ಲಿ ಬರೆಯುವ, ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಾದ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ೨೦೨೩ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಅಂಕೋಲೆಯ ಕರಿ ಇಶಾಡ ಮಾವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಳ್ಳಿಗಳಲ್ಲಿ ಹಣ್ಣನ್ನು ತೂಗಿಕೊಳ್ಳುವವನೊಬ್ಬ, ಅಂಕೋಲೆಯಲ್ಲಿ ರಸ ತೆಗೆದು ಡಬ್ಬಿ ತುಂಬಿಸುವವನೊಬ್ಬ, ಕಾರವಾರದಲ್ಲಿ ಮಾರುವವನೊಬ್ಬ ಎಂದು ಮೂರು ಕಡೆಗಳಿಂದ ಒಂದೇ ವೇಳೆಗೆ ಲೆಕ್ಕ ಬರೆಯಬೇಕಾಗಿದ್ದರೆ, ಯಾವ ಡಬ್ಬಿ ಯಾವ ತೋಟದ ಹಣ್ಣಿನದೆಂದು ಹೇಳಬೇಕಾಗಿದ್ದರೆ, ಅಲ್ಲಿ ಎಸ್‌ಕ್ಯೂಲೈಟ್ ಸಾಲದು. ಮರಿಯಾಡಿಬಿಯೊ ಪೋಸ್ಟ್‌ಗ್ರೆಸ್‌ಕ್ಯೂಎಲ್ಲೊ ಬೇಕಾದೀತು.

ದೊಡ್ಡ ಸಂಸ್ಥೆಗಳೂ ತಮ್ಮ ದತ್ತಸಂಚಯದ ಚಿಕ್ಕ ಆವೃತ್ತಿಯನ್ನು ಪುಕ್ಕಟೆ ಕೊಡುವುದುಂಟು. ಉದಾಹರಣೆಗೆ, ಮೈಕ್ರೊಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ೨೦೨೨ರ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಒಂದು ದತ್ತಸಂಚಯ ೧೦ ಗಿಗಾಬೈಟಿನವರೆಗೆ ಬೆಳೆಯಬಹುದು. ನಮ್ಮ ವರ್ತಕನ ಲೆಕ್ಕ ಆ ಮಿತಿ ಮುಟ್ಟಲು ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಬೇಕು. ಗಾತ್ರದ ದೃಷ್ಟಿಯಿಂದ ತೊಂದರೆಯಿಲ್ಲ; ಆದರೆ ವ್ಯಾಪಾರ ಬೆಳೆದು ಮಿತಿ ದಾಟಿದ ದಿನ ಹಣ ತೆರಬೇಕು, ಇಲ್ಲವೆ ಮನೆ ಬದಲಿಸಬೇಕು. ಪ್ರವೇಶ ಶುಲ್ಕವನ್ನಷ್ಟೇ ಕೇಳದೆ, ಹೊರಹೋಗುವ ದಾರಿಯನ್ನೂ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಬೇಕಾದುದು ಕೇವಲ ಜಮಾಖರ್ಚು, ತೆರಿಗೆಯ ಲೆಕ್ಕವಾಗಿದ್ದರೆ ದತ್ತಸಂಚಯವನ್ನು ತಾನೇ ಕಟ್ಟುವ ಗೋಜಿಗೆ ಹೋಗದೆ ಸಿದ್ಧವಾದ ಲೆಕ್ಕಪತ್ರ ತಂತ್ರಾಂಶ ಕೊಳ್ಳುವುದೇ ಲೇಸು. ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಒಪ್ಪುವ ತಂತ್ರಾಂಶ ದೊರೆಯದೆ, ಮಗ ಭರತ ಗೋಯೆಂಕಾರಿಂದಲೇ ಬರೆಯಿಸಿ ೧೯೮೬ರಲ್ಲಿ ಆರಂಭಿಸಿದ ಉದ್ಯಮವೇ ಇಂದಿನ ಟ್ಯಾಲಿ. ದೋಣಿ, ಹರಾಜು, ತೋಟ, ಡಬ್ಬಿ ಮುಂತಾದ ತನ್ನದೇ ವಿಶೇಷ ಸಂಗತಿಗಳಿದ್ದವನಿಗೆ ಮಾತ್ರ ಸ್ವಂತ ದತ್ತಸಂಚಯದ ಅಗತ್ಯ ಬೀಳುತ್ತದೆ.

ಬಾಡಿಗೆಯ ಮಾರ್ಗ

ದತ್ತಸಂಚಯವನ್ನು ದೂರದ ಊರಿನ ದೊಡ್ಡ ಯಂತ್ರದಲ್ಲಿ ತಿಂಗಳ ಬಾಡಿಗೆಗೆ ಇಡುವ ಕ್ಲೌಡ್ ಪದ್ಧತಿಯೂ ಉಂಟು. ಯಂತ್ರದ ಆರೈಕೆ ನಮ್ಮದಲ್ಲ. ಅಂಗಡಿಗೆ ನೀರು ನುಗ್ಗಿದರೂ ಲೆಕ್ಕ ಒಣಗಿಯೇ ಇರುತ್ತದೆ. ಇವು ಸಣ್ಣ ಲಾಭಗಳಲ್ಲ. ಆದರೆ ನಮ್ಮ ಕರಾವಳಿಯ ಮಳೆಗಾಲವನ್ನು ಮರೆಯಬಾರದು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಅನೇಕ ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ ೭ರ ನಡುರಾತ್ರಿಯ ಬಳಿಕ, ಕಾರವಾರದ ಹಳೆಯ ಕಾಳಿ ಸೇತುವೆ ಮುರಿದುಬಿದ್ದಿತು. ರಸ್ತೆಯ ಬದಿಯಲ್ಲಿಯೇ ತಂತಿಗಳೂ ಸಾಗುವುದು ವಾಡಿಕೆ. ಆದುದರಿಂದ ಬಾಡಿಗೆಯ ದತ್ತಸಂಚಯ ಆರಿಸಿದವನು, ಸಂಪರ್ಕ ಕಡಿದ ದಿನ ಅಂಗಡಿ ಹೇಗೆ ನಡೆಯುವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಲೆಕ್ಕವನ್ನು ಹತ್ತಿರದ ಯಂತ್ರದಲ್ಲಿ ಬರೆದು, ಅದರ ನಕಲನ್ನು ದಿನಂಪ್ರತಿ ದೂರಕ್ಕೆ ಕಳುಹಿಸುವುದು ಸಣ್ಣ ವ್ಯಾಪಾರಿಗೆ ಹಿತವಾದ ನಡುದಾರಿ.

ಕನ್ನಡದ ಹೆಸರುಗಳು

ಕನ್ನಡದಲ್ಲಿಯೇ ಹೆಸರು ಬರೆಯುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಸಾಮಾನ್ಯ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಹಿಡಿಯುತ್ತದೆ. ‘ಅಂಕೋಲಾ’ ಎಂಬುದರಲ್ಲಿ ಸ್ವರ, ಸೊನ್ನೆ, ಕೊಂಬು, ದೀರ್ಘ ಎಲ್ಲ ಸೇರಿ ಆರು ಚಿಹ್ನೆಗಳು. ಒಟ್ಟು ೧೮ ಬೈಟ್. ಇದು ದೊಡ್ಡ ಹೊರೆಯೇನಲ್ಲ. ಎರಡನೆಯ ತೊಡಕು ಹೆಚ್ಚು ಸೂಕ್ಷ್ಮವಾದುದು. ಯೂನಿಕೋಡಿನ ಅಂಕೆಗಳಲ್ಲಿ ‘ಳ’ಕಾರ ‘ಲ’ಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಾದರೊ ಅದು ‘ಹ’ಕಾರದ ಅನಂತರ ಬರುತ್ತದೆ. ಕೇವಲ ಅಂಕೆಯ ಕ್ರಮದಲ್ಲಿ ಜೋಡಿಸುವ ದತ್ತಸಂಚಯ ‘ಬಳೆ’ಯನ್ನು ‘ಬಸವ’ನಿಗಿಂತ ಮುಂದೆ ತಂದು ಕೂರಿಸುತ್ತದೆ. ಎಸ್‌ಕ್ಯೂಲೈಟ್ ತಾನಾಗಿ ಮಾಡುವುದು ಹೀಗೆಯೇ. ಪೋಸ್ಟ್‌ಗ್ರೆಸ್‌ಕ್ಯೂಎಲ್ಲಿನಲ್ಲಿ ಭಾಷೆಗೆ ತಕ್ಕ ಕ್ರಮವನ್ನು ಆರಿಸುವ ಅನುಕೂಲವುಂಟು.

ಬೈತಖೋಲ, ಬೈತಕೋಲ, ಬೈತ್‌ಕೋಲ್ ಎಂದು ಒಂದೇ ಊರನ್ನು ಮೂವರು ಮೂರು ಬಗೆಯಾಗಿ ಬರೆಯುತ್ತಾರೆ. ನಮ್ಮ ಕಣ್ಣಿಗೆ ಅದು ಒಂದೇ ಊರು, ಯಂತ್ರಕ್ಕೆ ಮೂರು. ಊರಿಗೂ ಗಿರಾಕಿಗೂ ಒಂದೊಂದು ಸಂಖ್ಯೆ ಕೊಟ್ಟು, ಹೆಸರನ್ನು ಒಮ್ಮೆ ಮಾತ್ರ ಬರೆಯಬೇಕೆಂಬ ಕಾಡ್‌ನ ಸೂತ್ರದ ಬೆಲೆ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ನಿಜವಾದ ವೆಚ್ಚ

ತಂತ್ರಾಂಶಕ್ಕೆ ಬೆಲೆಯಿಲ್ಲವೆಂದ ಮಾತ್ರಕ್ಕೆ ವೆಚ್ಚವೇ ಇಲ್ಲವೆಂದಲ್ಲ. ಒಂದು ಯಂತ್ರ, ವಿದ್ಯುತ್ತು ಹೋದಾಗ ಆಸರೆಯಾಗುವ ಬ್ಯಾಟರಿ, ಕೋಷ್ಟಕಗಳನ್ನು ಸರಿಯಾಗಿ ರೂಪಿಸಿಕೊಡುವವರ ಶ್ರಮ, ಇವುಗಳಿಗೆಲ್ಲ ಹಣ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ನಕಲು ಪ್ರತಿಗಳ ಶಿಸ್ತು ಬೇಕು. ಪ್ರತಿಗಳು ಮೂರು, ಅವನ್ನಿಡುವ ಸಾಧನಗಳು ಎರಡು ಬಗೆ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಅನುಭವಸ್ಥರ ಸೂತ್ರ. ಕಾರವಾರದ ವರ್ತಕ ವಾರಕ್ಕೊಂದು ಪ್ರತಿಯನ್ನು ಅಂಕೋಲೆಯ ನೆಂಟರ ಮನೆಯ ಅಟ್ಟದಲ್ಲಿಟ್ಟರೂ ಆದೀತು.

ಆದರೆ ಪ್ರತಿ ಇದೆಯೆಂಬ ನಂಬಿಕೆ ಸಾಲದು. ಅದನ್ನು ತೆರೆದು ನೋಡಿರಬೇಕು. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯ ಇಂಜಿನಿಯರನೊಬ್ಬ ಕೈತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿದನು. ರಕ್ಷಣೆಗೆಂದು ಐದು ಬಗೆಯ ಏರ್ಪಾಟುಗಳಿದ್ದುವು. ನೋಡಿದರೆ ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆ ಮುಂಚೆ ಬೇರೊಂದು ಕಾರಣಕ್ಕೆ ತೆಗೆದಿರಿಸಿದ್ದ ಪ್ರತಿಯೊಂದರಿಂದ ಕೆಲಸ ಮುಂದುವರಿಯಿತು. ನಡುವಿನ ಗಂಟೆಗಳ ದತ್ತಾಂಶ ಹೋಯಿತು. ನುರಿತವರ ಪಾಡೇ ಹೀಗಾದರೆ ನಮ್ಮ ಎಚ್ಚರ ಎಷ್ಟಿರಬೇಕು!

ಹೀಗೆ, ಆರಿಸುವವನು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಏಕಕಾಲದಲ್ಲಿ ಎಷ್ಟು ಮಂದಿ, ಎಷ್ಟು ಕಡೆಗಳಿಂದ ಬರೆಯುವರು? ನಡುವೆ ವಿದ್ಯುತ್ತಾಗಲಿ ಸಂಪರ್ಕವಾಗಲಿ ಹೋದರೆ ಏನಾಗುವುದು? ನಾಳೆ ಬೇರೆಡೆಗೆ ಹೋಗಬೇಕಾದರೆ ನನ್ನ ಲೆಕ್ಕವನ್ನು ಪೂರ್ತಿಯಾಗಿ ಹೊರತೆಗೆಯಬಲ್ಲೆನೆ? ಈ ಮೂರಕ್ಕೂ ನೇರವಾದ ಉತ್ತರ ಸಿಕ್ಕಿದ ಮೇಲೆ ಬೆಲೆಯ ಮಾತು ಬರಲಿ.

ಜೂನ್, ಜುಲೈಗಳ ೬೧ ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಬಲೆ ಹೆಣೆಯುವ, ದೋಣಿ ದುರಸ್ತಿ ಮಾಡುವ ಕಾಲವದು. ಲೆಕ್ಕದ ಹೊಸ ಏರ್ಪಾಟಿಗೂ ಅದೇ ತಕ್ಕ ಕಾಲ. ವಿದ್ಯಾರ್ಥಿಗಳು ಆ ಬಿಡುವಿನಲ್ಲಿ ಎಸ್‌ಕ್ಯೂಲೈಟನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಂಡು, ಮನೆಯ ಹಳೆಯ ಪುಸ್ತಕದ ಒಂದು ತಿಂಗಳ ಲೆಕ್ಕವನ್ನು ಕೋಷ್ಟಕಗಳಲ್ಲಿ ತುಂಬಿ ನೋಡಬಹುದು. ಮೀನುಗಾರಿಕೆ ಆರಂಭವಾದ ಬಳಿಕ ಒಂದೆರಡು ತಿಂಗಳು ಪುಸ್ತಕ, ದತ್ತಸಂಚಯ ಎರಡನ್ನೂ ಜೊತೆಯಾಗಿ ನಡೆಸಿ, ಪ್ರತಿ ಸಂಜೆ ಮೊತ್ತಗಳನ್ನು ತಾಳೆ ನೋಡಬೇಕು. ಎರಡೂ ಒಂದಾಗಿ, ಬುಟ್ಟಿ ಹೊತ್ತವಳ ಬಾಕಿ ಎರಡರಲ್ಲಿಯೂ ಅಷ್ಟೇ ಇದ್ದರೆ, ಆಗ ಪುಸ್ತಕವನ್ನು ಅಟ್ಟಕ್ಕೇರಿಸಬಹುದು.